ಅವ್ವನ ಮಾತು ಕಲಿತ ಮಾವಶಿ

ಕೊತ್ರೂಡಿನ ಹಿರಿಯರ ಡೇ ಕೇರ್‌ಗೆ ಅವ್ವನನ್ನು ಬೆಳಿಗ್ಗೆ ಹತ್ತಕ್ಕೆ ಬಿಟ್ಟು, ಸಂಜೆ ಐದಕ್ಕೆ ಕರೆತರುತ್ತೇನೆ. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ವಿಜಯಪುರದಿಂದ ಮದುವೆಯಾಗಿ ಬಂದು, ನಲವತ್ತು ವರ್ಷ ಫುಲೆ ಮಂಡಯಿಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡಿದವಳು ಈಗ ಮರಾಠಿಯನ್ನೇ ಮರೆತಿದ್ದಾಳೆ. ಆಮೇಲೆ ಕಲಿತ ಭಾಷೆ ಎಷ್ಟೋ ಜನರಲ್ಲಿ ಮೊದಲು ಜಾರುತ್ತದಂತೆ. (2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿದಾಗ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಆ ವರ್ಷಗಳು ನಮಗೂ ಸಿಕ್ಕಿದ್ದವೋ ಏನೋ!)

ಅಲ್ಲಿ ದುಡಿಯುವವರು ಮರಾಠಿ ಮಾವಶಿಯರು. ಉಣ್ಣಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಒದ್ದೆ ಬಟ್ಟೆ ಬದಲಿಸುವುದು, ಬಾಗಿಲ ಕಡೆ ಹೊರಟವರನ್ನು ಮಾತಲ್ಲೇ ಹಿಂದಕ್ಕೆ ತರುವುದು. ಮೊದಲ ವಾರ ಅವ್ವ ತಟ್ಟೆ ತಳ್ಳಿದಳು, ಬೈದಳು, ಒಬ್ಬಾಕೆಯ ಕೈ ಪರಚಿದಳು. ಇನ್ನು ಕಳಿಸಬೇಡಿ ಅಂತಾರೆ ಎಂದು ನಾನು ಉಳಿದ ರಜೆ ಲೆಕ್ಕ ಹಾಕುತ್ತಿದ್ದೆ.

ಪರಚಿಸಿಕೊಂಡಾಕೆಯೇ ಸಂಜೆ ನೋಟ್‌ಬುಕ್ ಹಿಡಿದು ಬಂದಳು. "ದಾದಾ, ‘ಬ್ಯಾಡ’ ಮ್ಹಣಜೆ ಕಾಯ್?"

"ನಕೋ" ಎಂದೆ.

ಆಮೇಲೆ ಉಪ್ಪು, ಬಿಸಿನೀರು, ಉಚ್ಚಿ, ನೋವು ಎಲ್ಲವನ್ನೂ ದೇವನಾಗರಿಯಲ್ಲಿ ಬರೆದುಕೊಂಡಳು. ಈಗ "ಯವ್ವಾ, ಉಣ್ಣಾಕ ಬಾ" ಎಂದರೆ ಅವ್ವ ಎದ್ದು ಬರುತ್ತಾಳೆ. ನಾನು ಕರೆದರೆ ಅಷ್ಟು ಬೇಗ ಏಳುವುದಿಲ್ಲ, ನಿಜ ಹೇಳಬೇಕೆಂದರೆ.

ಆಕೆಯ ಅತ್ತೆಯೂ ಹಾಸಿಗೆ ಹಿಡಿದಿದ್ದಾರೆ ಎಂದು ಮೊನ್ನೆ ತಿಳಿಯಿತು. ಹಗಲು ಯಾರು ನೋಡುತ್ತಾರೆ ಎಂದು ಕೇಳಿದೆ.

"ಮಗಳು. ಎಂಟನೇ ಕ್ಲಾಸು."

ಶಾಲೆಯ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ.