214 ಕೋಟಿಯ ಆ ಒಂಟಿ ಸಂಖ್ಯೆ

ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ಮಾರಾಟದ ಬಿಲ್ ಕೂಡಿಸಲು ನಾನೊಂದು ಸಣ್ಣ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಬರೆದೆ. ಒಂದೊಂದು ಬಿಲ್ 1 ಕೋಟಿ 10 ಲಕ್ಷ ರೂಪಾಯಿ. ದಶಮಾಂಶದ ಗೊಡವೆ ಬೇಡವೆಂದು ಎಲ್ಲವನ್ನೂ ಪೈಸೆಯಲ್ಲಿ ಹಾಕಿದ್ದೆ. ಉತ್ತರ ನೋಡಿ ಗಾಬರಿಯಾಯಿತು: ಮೈನಸ್ 2094967296! ಬರಬೇಕಾದ ಹಣ ಸಾಲವಾಗಿ ಕೂತಿತ್ತು. ಮೇಡಂ ನೋಡಿ, "ನೀನು 2147483647 ದಾಟಿದ್ದೀಯ" ಎಂದರು.

ಏನಿದು ಸಂಖ್ಯೆ? ಕಂಪ್ಯೂಟರ್ ಒಂದು ಸಾಮಾನ್ಯ ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಡುತ್ತದೆ. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ತಿಳಿಸಲು ಹೋಗುತ್ತದೆ. ಉಳಿದ 31ರಲ್ಲೂ 1 ತುಂಬಿದರೆ ಸಿಗುವ ದೊಡ್ಡ ಸಂಖ್ಯೆಯೇ 2ರ 31ನೇ ಘಾತಕ್ಕಿಂತ 1 ಕಡಿಮೆ, ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ಪೈಸೆಯಲ್ಲಿ ಲೆಕ್ಕವಿಟ್ಟರೆ 2 ಕೋಟಿ 14 ಲಕ್ಷ ಚಿಲ್ಲರೆ ರೂಪಾಯಿಗೇ ಗಡಿ ಮುಗಿಯಿತು.

ಇದು ಅವಿಭಾಜ್ಯ ಸಂಖ್ಯೆಯೂ ಹೌದು. 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಉರ್ದುವಿನಲ್ಲಿ ಇಂಥದ್ದಕ್ಕೆ 'ಮುಫ್ರದ್ ಅದದ್' ಎನ್ನುತ್ತೇವೆ, ಅಂದರೆ ಒಂಟಿ ಸಂಖ್ಯೆ. ಆದರೆ ಎಲ್ಲ ಗಡಿಗಳೂ ಹೀಗಿಲ್ಲ. 16 ಬಿಟ್‌ನ ಗಡಿ 32767. ಅದು 7, 31, 151ರ ಗುಣಲಬ್ಧ. ಅಲ್ಲಿ ಘಾತ 15, ಅದೇ ಭಾಗವಾಗುವ ಸಂಖ್ಯೆ. ಘಾತ ಭಾಗವಾದರೆ ಇಂಥ ಸಂಖ್ಯೆಯೂ ಭಾಗವಾಗುತ್ತದೆ. ಹಾಗೆಂದು ಘಾತ ಅವಿಭಾಜ್ಯವಾದರೆ ಸಾಕೆಂದಲ್ಲ: 2ರ 11ನೇ ಘಾತದಿಂದ 1 ಕಳೆದರೆ 2047, ಅದು 23 ಗುಣಿಸು 89.

ಹಾಗಾದರೆ 2147483647 ಅವಿಭಾಜ್ಯವೆಂದು ತಿಳಿದದ್ದು ಹೇಗೆ? ಅದರ ವರ್ಗಮೂಲ ಸುಮಾರು 46340. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಆದರೆ ಅವೇ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಲಿಯೊನಾರ್ಡ್ ಆಯ್ಲರ್ ಇದಕ್ಕೆ ದಾರಿ ಕಂಡುಕೊಂಡರು. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಆಗ ನೋಡಬೇಕಾದವು ಸುಮಾರು 370 ಸಂಖ್ಯೆಗಳು ಮಾತ್ರ. ಒಂದೂ ಭಾಗಿಸಲಿಲ್ಲ. 1772ರಲ್ಲಿ ಅವರು ಇದನ್ನು ತಿಳಿಸಿದಾಗ ಅವರ ಕಣ್ಣು ಬಹುತೇಕ ಹೋಗಿತ್ತು.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಈ ಸಂಖ್ಯೆಯಿಂದ ಸಿಗುವ 'ಪರಿಪೂರ್ಣ ಸಂಖ್ಯೆ'ಗಿಂತ ದೊಡ್ಡದನ್ನು ಮುಂದೆ ಯಾರೂ ಹುಡುಕಲಾರರು, ಇವೆಲ್ಲ ಬರೀ ಕುತೂಹಲ, ಉಪಯೋಗವಿಲ್ಲ ಎಂಬರ್ಥದಲ್ಲಿ ಬರೆದರು. ಅವರ ಮಾತು ಸುಳ್ಳಾಯಿತು. 2024ರಲ್ಲಿ ಸಿಕ್ಕ ಇದೇ ಜಾತಿಯ ಅವಿಭಾಜ್ಯದಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ.

ಉಪಯೋಗದ ಮಾತಿಗೆ ಬಂದರೆ, ಅನೇಕ ಹಳೆಯ ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲೇ ಎಣಿಸುತ್ತಿವೆ. 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ಇದೇ ಸಂಖ್ಯೆಯನ್ನು ಮುಟ್ಟುತ್ತದೆ. ಮುಂದಿನ ಸೆಕೆಂಡಿಗೆ, ಸರಿಪಡಿಸದ ಯಂತ್ರದಲ್ಲಿ ತಾರೀಖು 1901ಕ್ಕೆ ಹೋಗುತ್ತದೆ. ಆಗ ನಮ್ಮಲ್ಲಿ ಕೆಲವರು ಬ್ಯಾಂಕಿನಲ್ಲೋ ಆಡಿಟರ್ ಆಫೀಸಿನಲ್ಲೋ ಇರುತ್ತೇವೆ. ಬಡ್ಡಿ ಲೆಕ್ಕಕ್ಕೆ ತಾರೀಖು ಬೇಕೇ ಬೇಕಲ್ಲ!

ನಾನಂತೂ ನನ್ನ ಪ್ರೋಗ್ರಾಂನಲ್ಲಿ 'ಇಂಟ್' ತೆಗೆದು 'ಲಾಂಗ್ ಲಾಂಗ್' ಹಾಕಿದೆ. ಲೆಕ್ಕ ಸರಿಹೋಯಿತು. ಕಂಪ್ಯೂಟರ್ ಕೊಟ್ಟ ಮೊತ್ತವನ್ನೂ ಒಮ್ಮೆ ತಾಳೆ ನೋಡುವುದು ಅಂದಿನಿಂದ ಅಭ್ಯಾಸವಾಗಿದೆ.