ಸಿಪ್ಯಾಪ್ ಮೂಲೆ ಸೇರುವುದೇಕೆ?

ಗೊರಕೆ ಜೋರಾಗಿದ್ದಷ್ಟೂ ನಿದ್ದೆ ಗಾಢ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಸ್ಲೀಪ್ ಅಪ್ನಿಯಾ ಇರುವವರಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ನಿದ್ದೆ ಹತ್ತಿದಂತೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಕ್ಷಣ ಎಚ್ಚೆತ್ತು ದಾರಿ ತೆರೆಸುತ್ತದೆ. ಉಸಿರು ನಿಲ್ಲುವುದೋ ತೀರಾ ಕ್ಷೀಣಿಸುವುದೋ ಗಂಟೆಗೆ 30ಕ್ಕೂ ಹೆಚ್ಚು ಸಲ ಆದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಜನರಿಗೆ ಈ ತೊಂದರೆ ಇರಬಹುದೆಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಅಂದಾಜು ಮಾಡಿದರು. ಚಿಕಿತ್ಸೆಯೂ ಇದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ರೂಪಿಸಿದ ಸಿಪ್ಯಾಪ್ ಯಂತ್ರ ಮಾಸ್ಕ್ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿ ಗಂಟಲು ಕುಸಿಯದಂತೆ ತಡೆಯುತ್ತದೆ. ಸರಿಯಾಗಿ ಹಾಕಿಕೊಂಡ ರಾತ್ರಿ ಉಸಿರುಗಟ್ಟುವುದು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಹೀಗಿದ್ದೂ ಅಷ್ಟೊಂದು ಜನ ಅದನ್ನು ಬಿಟ್ಟುಬಿಡುವುದೇಕೆ?

ರೋಗಿಗೆ ಶಿಸ್ತಿಲ್ಲ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಂತ್ರವೇ ಕಿರಿಕಿರಿ ಎಂಬ ಉತ್ತರದಲ್ಲೂ ಅರ್ಧ ಸತ್ಯ ಮಾತ್ರ ಇದೆ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 35 ರೋಗಿಗಳ ಯಂತ್ರಗಳೊಳಗೆ ಬಳಕೆ ದಾಖಲಿಸುವ ಸಾಧನ ಅಳವಡಿಸಿದ್ದರು. ಪ್ರತಿ ರಾತ್ರಿ ಬಳಸುತ್ತೇವೆ ಎಂದವರು ಶೇ 60. ಹತ್ತರಲ್ಲಿ ಏಳು ದಿನವಾದರೂ 4 ಗಂಟೆ ಬಳಸಿದವರು ಶೇ 46 ಮಾತ್ರ. ಅಲ್ಲಿಂದೀಚೆಗೆ ಯಂತ್ರಗಳು ಚಿಕ್ಕದಾಗಿವೆ, ಸದ್ದು ತಗ್ಗಿದೆ, ಮಾಸ್ಕ್ ಮೆತ್ತಗಾಗಿದೆ. ಆದರೂ 20 ವರ್ಷಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗಿಟ್ಟು ನೋಡಿದಾಗ, ಸರಿಯಾಗಿ ಬಳಸದವರ ಪ್ರಮಾಣ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಂತಿತ್ತು. ಆ 20 ವರ್ಷಗಳಲ್ಲಿ ಯಂತ್ರ ಸುಧಾರಿಸಿತು, ಬಳಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ನಿತ್ಯ ಬಳಸುವವರೂ ಬಿಟ್ಟು ಬಿಟ್ಟು ಬಳಸುವವರೂ ಮೊದಲ ವಾರದಲ್ಲೇ ಬೇರೆಯಾಗುತ್ತಾರೆ ಎಂಬುದು ಇನ್ನೊಂದು ಅಧ್ಯಯನ ಕಂಡುಕೊಂಡ ಸಂಗತಿ. ಹಾಗಾದರೆ ಆ ವಾರದಲ್ಲಿ ರೋಗಿಗೆ ಯಾರು ಏನು ಹೇಳಿಕೊಟ್ಟರು ಎಂಬುದನ್ನೇ ನೋಡಬೇಕು.

ಹೇಳಿಕೊಡದಿದ್ದರೆ ಏನಾಗುತ್ತದೆ? ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆ. ರೋಗಿ ಪಟ್ಟಿಯನ್ನು ಇನ್ನಷ್ಟು ಬಿಗಿಯುತ್ತಾನೆ. ಅತಿಯಾಗಿ ಬಿಗಿದರೆ ಮೆತ್ತೆ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ, ಬೆಳಿಗ್ಗೆ ಮೂಗಿನ ಮೇಲೆ ಗಾಯದ ಗುರುತು. ಮಲಗಿ, ಯಂತ್ರ ಚಾಲೂ ಮಾಡಿ, ಮಾಸ್ಕನ್ನು ಮುಖದಿಂದ ತುಸು ಎತ್ತಿ ಮತ್ತೆ ಕೂರಿಸಿದರೆ ಸಾಕಾಗುತ್ತದೆ ಎಂದು ತೋರಿಸಲು ಎರಡು ನಿಮಿಷ ಬೇಕು. ಬಾಯಿ ಒಣಗಿದರೆ ಗಾಳಿಗೆ ತೇವ ಬೆರೆಸುವ ಹ್ಯುಮಿಡಿಫೈಯರ್ ಇದೆ. ಉಸಿರು ಕಟ್ಟಿದಂತೆ ಭಯವಾದರೆ ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೊಳ್ಳಬಹುದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಡುರಾತ್ರಿ ಎಚ್ಚರವಾದಾಗ ‘ನಾಲ್ಕು ಗಂಟೆ ಆಯಿತಲ್ಲ’ ಎಂದು ಮಾಸ್ಕ್ ತೆಗೆದಿಡುವವರು ಅನೇಕರು. ಕನಸು ಹೆಚ್ಚಾಗಿ ಬೀಳುವ ಆರ್‌ಇಎಂ ನಿದ್ದೆಯ ಬಹುಪಾಲು ಬರುವುದು ಬೆಳಗಿನ ಜಾವಕ್ಕೆ. ಆಗಲೇ ಸ್ನಾಯುಗಳು ಅತ್ಯಂತ ಸಡಿಲ, ಹಲವರಲ್ಲಿ ಉಸಿರುಗಟ್ಟುವುದು ಅತಿ ದೀರ್ಘ. ತೀರಾ ಬೇಕಾದ ಹೊತ್ತಿಗೇ ಮಾಸ್ಕ್ ಕಳಚಿರುತ್ತದೆ. ಈ ಕಾರಣ ತಿಳಿದವರು ಮಾಸ್ಕನ್ನು ಅಷ್ಟು ಸುಲಭವಾಗಿ ತೆಗೆದಿಡುವುದಿಲ್ಲ.

ತಿಳಿವಳಿಕೆಯಿಂದ ಬಳಕೆ ಹೆಚ್ಚುವುದು ಬರಿಯ ಆಶಯವಲ್ಲ. ಎಡಿನ್‌ಬರಾದಲ್ಲಿ ರೋಗಿಯ ಜೊತೆ ಬಾಳಸಂಗಾತಿಗೂ ಮೊದಲೇ ವಿವರಿಸಿ, ಮನೆಗೆ ನರ್ಸ್ ಕಳಿಸಿ ನೋಡಿಕೊಂಡಾಗ, ಬಳಕೆ ರಾತ್ರಿಗೆ ಸುಮಾರು ಒಂದೂವರೆ ಗಂಟೆ ಹೆಚ್ಚಿತು (1999). ಆದರೆ ಕೇವಲ ಮಾಹಿತಿ ಸಾಲದು ಎಂಬ ಆಕ್ಷೇಪಕ್ಕೂ ಬಲವಿದೆ. ಅಮೆರಿಕದಲ್ಲಿ 1455 ಮಂದಿಯೊಂದಿಗೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆನ್‌ಲೈನ್ ಪಾಠವೊಂದೇ ಬಳಕೆಯನ್ನು ಗಣನೀಯವಾಗಿ ಏರಿಸಲಿಲ್ಲ. ಬಳಕೆಯ ಲೆಕ್ಕ ನೋಡಿ ತಾನಾಗಿ ಹೋಗುವ ಸಂದೇಶಗಳು ಏರಿಸಿದವು. ನನ್ನ ಮಟ್ಟಿಗೆ ಇದು ಶಿಕ್ಷಣದ ಸೋಲಲ್ಲ. ಒಮ್ಮೆ ಹೇಳಿ ಕೈತೊಳೆದುಕೊಳ್ಳುವುದು ಶಿಕ್ಷಣವೇ ಅಲ್ಲ.

ಸಿಪ್ಯಾಪ್ ಬಳಸಿದರೂ ಹೃದಯಕ್ಕೆ ಲಾಭವಿಲ್ಲವಂತೆ, ಮತ್ತೇಕೆ ಈ ಹೆಣಗಾಟ ಎಂದು ಕೇಳುವವರಿದ್ದಾರೆ. 2016ರ ‘ಸೇವ್’ ಪ್ರಯೋಗವನ್ನು ಅವರು ಮುಂದಿಡುತ್ತಾರೆ. ಭಾರತೀಯರೂ ಸೇರಿ 2,717 ಹೃದ್ರೋಗಿಗಳು ಮತ್ತು ಪಾರ್ಶ್ವವಾಯು ಪೀಡಿತರು ಪಾಲ್ಗೊಂಡ ಆ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ, ನಿಜ. ಆದರೆ ಅಲ್ಲಿನ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ಅಷ್ಟಕ್ಕೇ ಹಗಲಿನ ತೂಕಡಿಕೆ ಇಳಿಯಿತು, ಮನಸ್ಥಿತಿ ಸುಧಾರಿಸಿತು. ಪೂರ್ತಿ ರಾತ್ರಿ ಬಳಸಿದ್ದರೆ ಹೃದಯವೂ ಉಳಿಯುತ್ತಿತ್ತೆಂದು ಇದರಿಂದ ಸಾಧಿಸಲಾಗದು. ಉಳಿಯುತ್ತಿರಲಿಲ್ಲ ಎಂದೂ ಸಾಧಿಸಲಾಗದು. ಇನ್ನು ತುಂಬಿದ ಒಪಿಡಿಯಲ್ಲಿ ವೈದ್ಯರಿಗೆ ಪುರುಸೊತ್ತಿಲ್ಲ ಎಂಬ ಮಾತು. ಮಾಸ್ಕ್ ಬಳಕೆಯನ್ನು ವೈದ್ಯರೇ ಕಲಿಸಬೇಕೆಂದಿಲ್ಲ, ತರಬೇತಿ ಪಡೆದ ನರ್ಸ್ ಅಥವಾ ತಂತ್ರಜ್ಞ ಸಾಕು. ಹತ್ತಾರು ಸಾವಿರ ರೂಪಾಯಿಯ ಯಂತ್ರ ಕೊಳ್ಳುವವರು ಹಣ ಕಟ್ಟುವ ಮೊದಲೇ ಮೂರು ಮಾತು ಕೇಳಿಕೊಳ್ಳಿ: ನನ್ನನ್ನು ಮಲಗಿಸಿ ಮಾಸ್ಕ್ ಹೊಂದಿಸಿಕೊಡುತ್ತೀರಾ, ಮೊದಲ ವಾರ ಯಾರಿಗೆ ಫೋನ್ ಮಾಡಬೇಕು, ಯಂತ್ರದ ದಾಖಲೆಯನ್ನು ಯಾವಾಗ ಕೂತು ನೋಡುತ್ತೀರಿ? ಕೇಳಲು ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ.