ರೈಲು ಯಾಕೆ ನಿಲ್ಲಲ್ಲ? ರೈಲ್ವೆ ಗೇಟ್ ದಾಟುವ ಮುಂಚೆ ಗೊತ್ತಿರಬೇಕಾದ್ದು

ಹೈದರಾಬಾದ್, ಪುಣೆ, ಚೆನ್ನೈಯಿಂದ ಕಾರಲ್ಲೇ ಊರಿಗೆ ಹೋಗಿಬರೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಮ್ಯಾಪ್ ತೋರಿಸೋ ಒಳದಾರಿ ಹಿಡಿದರೆ ಎಲ್ಲೋ ಒಂದು ಕಡೆ ರೈಲ್ವೆ ಗೇಟ್ ಸಿಕ್ಕೇ ಸಿಗುತ್ತೆ. ಇವತ್ತು ಅದರದ್ದೇ ಮಾತು.

2014ರ ಜುಲೈ 24, ಮೇದಕ್ ಜಿಲ್ಲೆಯ ಮಾಸಾಯಿಪೇಟೆ. ಬೆಳಗ್ಗೆ ಶಾಲೆಯ ಬಸ್ಸೊಂದು ಕಾವಲಿಲ್ಲದ ಕ್ರಾಸಿಂಗ್ ದಾಟುವಾಗ ನಾಂದೇಡ್–ಸಿಕಂದರಾಬಾದ್ ಪ್ಯಾಸೆಂಜರ್ ರೈಲು ಗುದ್ದಿತು. ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೇಳೋದು ಎರಡೇ ಪ್ರಶ್ನೆ. ರೈಲಿನವರು ಬ್ರೇಕ್ ಹಾಕಬಾರದಿತ್ತಾ? ಡ್ರೈವರ್‌ಗೆ ರೈಲು ಕಾಣಲಿಲ್ವಾ?

ಮೊದಲು ಬ್ರೇಕ್. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಘರ್ಷಣೆ ತೀರಾ ಕಡಿಮೆ. ಅಷ್ಟು ಭಾರ ಸಲೀಸಾಗಿ ಉರುಳೋದು ಅದರಿಂದಲೇ, ಬೇಗ ನಿಲ್ಲದೇ ಇರೋದೂ ಅದರಿಂದಲೇ. 24 ಬೋಗಿಯ ರೈಲು ಸಾವಿರ ಟನ್ ಮೀರುತ್ತೆ. ಗಂಟೆಗೆ 100 ಕಿ.ಮೀ. ದಾಟಿದ ವೇಗದಲ್ಲಿ ಎಮರ್ಜೆನ್ಸಿ ಬ್ರೇಕ್ ಹಾಕಿದರೂ ನಿಲ್ಲೋಕೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಬೇಕು. ನಮ್ಮ ಕಾರ್ ನೂರು ಮೀಟರ್ ಒಳಗೆ ನಿಲ್ಲುತ್ತೆ. ಅಂದರೆ ನಿಲ್ಲೋ ಶಕ್ತಿ ಇರೋದು ನಮಗೆ ಮಾತ್ರ.

ಇನ್ನು ಕಣ್ಣು. ದೊಡ್ಡ ವಸ್ತು ನಿಧಾನವಾಗಿ ಬರ್ತಿದೆ ಅಂತ ನಮ್ಮ ಮಿದುಳು ಅಂದುಕೊಳ್ಳುತ್ತೆ. ಇಳಿಯೋ ವಿಮಾನ ತೇಲಿದ ಹಾಗೆ ಕಾಣಲ್ವಾ, ಹಾಗೆ. ಕ್ರಾಸಿಂಗ್ ಅಪಘಾತಗಳಿಗೆ ಇದೂ ಒಂದು ಕಾರಣ ಅಂತ ಮನಶ್ಶಾಸ್ತ್ರಜ್ಞ ಹರ್ಷಲ್ ಲೈಬೋವಿಟ್ಜ್ 1985ರಲ್ಲೇ ಬರೆದರು. ಲೆಕ್ಕ ಹಾಕಿ ನೋಡಿ: ಗಂಟೆಗೆ 108 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರ್. 600 ಮೀಟರ್ ಆಚೆ "ಇನ್ನೂ ದೂರ ಇದೆ" ಅಂತ ಕಾಣೋ ರೈಲು 20 ಸೆಕೆಂಡಲ್ಲಿ ನಿಮ್ಮ ಪಕ್ಕ ಇರುತ್ತೆ.

ಹಾಗಾದ್ರೆ ಗೇಟ್‌ಮನ್ ಇದ್ದರೆ ಸಾಕಾ? ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ರೈಲ್ವೆ ತೆಗೆದುಹಾಕಿತು. ದೊಡ್ಡ ಕೆಲಸವೇ. ಆದರೆ 2025ರ ಜುಲೈ 8ರಂದು ಕಡಲೂರು ಹತ್ತಿರದ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಗುದ್ದಿ ಮೂವರು ವಿದ್ಯಾರ್ಥಿಗಳು ಸತ್ತರು. ಅಲ್ಲಿ ಗೇಟ್‌ಮನ್ ಇದ್ದ. ಇಲ್ಲದೇ ಇದ್ದದ್ದು ಇಂಟರ್‌ಲಾಕಿಂಗ್.

ನಮ್ಮ ಭಾಷೆಯಲ್ಲೇ ಹೇಳ್ತೀನಿ. ಇಂಟರ್‌ಲಾಕಿಂಗ್ ಅಂದರೆ ಕೋಡ್‌ನಲ್ಲೇ ಹಾಕಿಟ್ಟ ಕಂಡೀಷನ್: ಗೇಟ್ ಮುಚ್ಚಿ ಲಾಕ್ ಆಗದಿದ್ದರೆ ರೈಲಿಗೆ ಸಿಗ್ನಲ್ ಬಿಡೋದಿಲ್ಲ. ಅದು ಇಲ್ಲದ ಕಡೆ ಸ್ಟೇಷನ್ ಮಾಸ್ಟರ್ ಫೋನ್ ಮಾಡ್ತಾರೆ, ಗೇಟ್ ಮುಚ್ಚಿದೆ ಅಂತ ಗೇಟ್‌ಮನ್ ಒಂದು ಗುಪ್ತ ನಂಬರ್ ಹೇಳ್ತಾನೆ. ಎಲ್ಲಾ ಮನುಷ್ಯನ ಮಾತಿನ ಮೇಲೆ. ಮ್ಯಾನ್ಯುವಲ್ ಪ್ರೊಸೆಸ್ ಎಲ್ಲಿ ಕೈಕೊಡುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಆದ್ದರಿಂದ ತೆರೆದ ಗೇಟ್ ಅಂದರೆ ರೈಲು ಇಲ್ಲ ಅಂತ ಗ್ಯಾರಂಟಿ ಅಲ್ಲ.

ಏನು ಮಾಡಬೇಕು?

- ಗೇಟ್ ತೆರೆದಿದ್ದರೂ ನಿಧಾನಿಸಿ, ಹಾಡು ಆಫ್ ಮಾಡಿ, ಗಾಜು ಇಳಿಸಿ, ಎರಡೂ ಕಡೆ ನೋಡಿ.
- ಗೇಟಿಲ್ಲದ ಕ್ರಾಸಿಂಗ್ ಆದರೆ ಗಾಡಿ ನಿಲ್ಲಿಸಿ, ಒಬ್ಬರು ಇಳಿದು ಹೋಗಿ ನೋಡಿ ದಾಟಿಸಬೇಕು. ಇದು ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್, ಸಲಹೆ ಅಲ್ಲ.
- ಮುಂದಿನ ಗಾಡಿ ಹಳಿ ದಾಟಿ ನಿಮಗೆ ಜಾಗ ಬಿಡೋವರೆಗೂ ಹಳಿ ಮೇಲೆ ಹತ್ತಬೇಡಿ.
- ಜೋಡಿ ಹಳಿ ಇದ್ದರೆ ಒಂದು ರೈಲು ಹೋದ ತಕ್ಷಣ ನುಗ್ಗಬೇಡಿ. ಅದರ ಮರೆಯಲ್ಲಿ ಇನ್ನೊಂದು ಬರ್ತಿರಬಹುದು.
- ಗಾಡಿ ಹಳಿ ಮೇಲೆ ಕೆಟ್ಟು ನಿಂತರೆ ಮೊದಲು ಎಲ್ಲರನ್ನೂ ಇಳಿಸಿ, ಹಳಿಯಿಂದ ದೂರ ಕಳಿಸಿ. ಆಮೇಲೆ ಗೇಟ್‌ಮನ್‌ಗೆ ತಿಳಿಸಿ.

ಗೇಟ್ ಹತ್ರ ಕಾದರೆ ಹೋಗೋದು ಐದೋ ಹತ್ತೋ ನಿಮಿಷ. ಮನೆಯವರು ಊಟಕ್ಕೆ ಅಷ್ಟು ಹೊತ್ತು ಕಾಯ್ತಾರೆ ಬಿಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.